ಇಂಜಿನ್ ಬೂದಿ ಮತ್ತು ನಮ್ಮ ಒರತೆ

ನಮ್ಮ ಓಣಿಯ ನೀರು ಕೆಡಿಸಿದವರು ನಮ್ಮ ಮನೆಯವರು. ಕೆಡಿಸಲು ಜಾಗ ತೋರಿಸಿದವಳು ಅವರ ತಾಯಿ. ಬೈಸಿಕೊಂಡವಳು ನಾನು. ಅವರಿಬ್ಬರೂ ಈಗ ಇಲ್ಲ, ಆದ್ದರಿಂದ ನಾನು ಹೇಳಿದ್ದೇ ಖರೆ ಎಂದು ನಡೆಯುತ್ತದೆ. ಆದರೂ ಸುಳ್ಳು ಬರೆಯುವಷ್ಟು ಅಕ್ಷರ ನನಗೆ ಬರುವುದಿಲ್ಲ. ಇದ್ದದ್ದನ್ನು ಬರೆಯುವುದಕ್ಕೇ ಬೆರಳು ನೋಯುತ್ತದೆ.

ನಾನು ಹುಕ್ಕೇರಿಯಿಂದ ಸೊಸೆಯಾಗಿ ಬಂದ ಊರು ಮೂಡಲಗಿಗೆ ಎರಡು ಹರದಾರಿ. ಆಗ ಇನ್ನೂ ಇಂಗ್ರೇಜಿ ಸರಕಾರ ಇತ್ತು. ಊರ ಬಾಜೂ ಒಂದು ಹಳ್ಳ. ಮಳೆಗಾಲದಲ್ಲಿ ಸೊಕ್ಕಿ ಹರಿದು ಘಟಪ್ರಭೆಗೆ ಸೇರುತ್ತಿತ್ತು. ಶಿವರಾತ್ರಿ ದಾಟಿತೆಂದರೆ ಬರೀ ಉಸುಕು. ಆ ಉಸುಕಿನಲ್ಲಿ ಮೊಳಕಾಲುದ್ದ ತೋಡಿದರೆ ತಳದಲ್ಲಿ ನೀರು ಜಿನುಗಿ ನಿಲ್ಲುತ್ತದೆ. ಅದಕ್ಕೆ ಒರತೆ ಎನ್ನುತ್ತಾರೆ. ಗರಟೆಯಿಂದ ಮೊಗೆದು ಮೊಗೆದು ಕೊಡ ತುಂಬಬೇಕು. ಅವಸರ ಮಾಡಿದರೆ ಕೆಸರು ಬರುತ್ತದೆ, ನಿಧಾನ ಮಾಡಿದರೆ ಹಿಂದೆ ನಿಂತವರು ಬೈಯುತ್ತಾರೆ. ಓಣಿಗೊಂದು ಒರತೆ. ನಮ್ಮದನ್ನು ಮೊದಲು ತೋಡಿದವಳು ನನ್ನ ಅತ್ತೆಯ ಅತ್ತೆಯಂತೆ. ಪ್ರತಿ ಬೇಸಿಗೆ ಅದೇ ಬಂಡೆಯ ಮಗ್ಗುಲಲ್ಲಿ, ಅದೇ ಜಾಗದಲ್ಲಿ ತೋಡುತ್ತಿದ್ದೆವು. ಊರಲ್ಲಿ ಬಾವಿಗಳಿದ್ದವು, ಎಲ್ಲ ಸವಳು ನೀರು. ದನ ಕುಡಿಯುತ್ತಿದ್ದವು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಒರತೆ ಕೆಟ್ಟಿತೆಂದರೆ ಘಟಪ್ರಭೆಯ ಹೊಳೆಗೇ ಹೋಗಬೇಕು, ಹೊಳೆ ಅರ್ಧ ಹರದಾರಿ, ಎಂದರೆ ಒಂದೂವರೆ ಮೈಲಿ. ಹೊರುವ ತಲೆ ಯಾರದೆಂದು ಕೇಳುವುದೇ ಬೇಡ. ಮನೆಯಲ್ಲಿ ಸೊಸೆ ಅಂತ ಇದ್ದವಳು ನಾನೊಬ್ಬಳೇ.

ನಾನು ಬಂದ ಎರಡನೆಯ ವರ್ಷ ಹಳ್ಳದ ಮೇಲುಗಡೆ ಒಬ್ಬ ಸಾಹುಕಾರರು ಅರಳೆ ಬಿಡಿಸುವ ಜಿನ್ನು ಹಾಕಿದರು. ಅದರ ಬೆನ್ನಿಗೇ ಒಂದು ಇಂಜಿನ್ ಮನೆ ಎದ್ದಿತು. ಕಲ್ಲಿದ್ದಲು ಉರಿಸಿ, ನೀರು ಕುದಿಸಿ, ಆ ಉಗಿಯಿಂದ ದೊಡ್ಡ ಚಕ್ರ ತಿರುಗಿಸಿ ಕರೆಂಟು ಹುಟ್ಟಿಸುವುದು ಅದರ ಕೆಲಸ. ಕಲ್ಲಿದ್ದಲು ಗೋಕಾಕ ರೋಡ್ ಟೇಶನ್ನಿನಿಂದ ಚಕ್ಕಡಿಯಲ್ಲಿ ಬರುತ್ತಿತ್ತು. ಕರೆಂಟಿಗೆ ಜಿನ್ನು ಓಡುತ್ತಿತ್ತು, ಸಾಹುಕಾರರ ವಾಡೆಯಲ್ಲಿ ದೀಪ ಹತ್ತುತ್ತಿತ್ತು, ಉಳಿದದ್ದು ಪೇಟೆಯ ನಾಲ್ಕು ಕಂಬಗಳಿಗೆ. ನಮ್ಮ ಓಣಿಗೆ ಕಂಬ ಬರಲಿಲ್ಲ. ನಮಗೆ ಬಂದದ್ದು ಬಿಸಿನೀರು ಮತ್ತು ಬೂದಿ.

ಇಂಜಿನ್ನಿಗೆ ಕಲ್ಲಿದ್ದಲು ತಿನ್ನಿಸುವ ಕೆಲಸಕ್ಕೆ ನಮ್ಮ ಮನೆಯವರು ಸೇರಿದರು. ತಿನ್ನಿಸಿದ ಮೇಲೆ ಅದರ ಬೂದಿ ಎಳೆದು ಹೊರಗೆ ಹಾಕುವುದೂ ಅವರದೇ. ಬಾಣಂತಿಯ ಕೂಸಿಗೆ ಮಾಡುವ ಚಾಕರಿಯಂಥದೇ ಅದು. ಕೂಸು ಮಾತ್ರ ಮನೆಯಷ್ಟು ದೊಡ್ಡದು.

ಮೊದಲು ಬಿಸಿನೀರಿನ ಸುದ್ದಿ ಹೇಳುತ್ತೇನೆ. ಇಂಜಿನ್ನು ಕುಡಿದು ಬಿಟ್ಟ ನೀರು ಕಲ್ಲಿನ ಗಟಾರದಲ್ಲಿ ಹರಿದು ಹಳ್ಳಕ್ಕೆ ಬೀಳುತ್ತಿತ್ತು. ಹಬೆಯಾಡುತ್ತಿತ್ತು. ನನ್ನ ತವರಿನಲ್ಲಿ ಎಂಟು ದಿನಕ್ಕೊಮ್ಮೆ ಬಿಸಿನೀರು ಕಾಯಿಸುತ್ತಿದ್ದರು, ಗಂಡಸರದು ಮುಗಿದ ಮೇಲೆ ಹಂಡೆಯ ತಳದ ನಾಲ್ಕು ತಂಬಿಗೆ ನಮಗೆ. ಇಲ್ಲಿ ದಿನಾ ಬಿಸಿನೀರು, ಕಟ್ಟಿಗೆ ಇಲ್ಲ, ಹೊಗೆ ಇಲ್ಲ, ಯಾರ ಹಂಗೂ ಇಲ್ಲ. ಹೆಂಗಸರು ಗಟಾರದ ಉದ್ದಕ್ಕೂ ಜಾಗ ಹಂಚಿಕೊಂಡೆವು. ಮೇಲ್ಗಡೆಯ ಸುಡುವ ನೀರು ಕೌದಿ ಒಗೆಯಲು, ಏಕೆಂದರೆ ಅಲ್ಲಿ ತಿಗಣೆ ಉಳಿಯುತ್ತಿರಲಿಲ್ಲ. ನಡುವಿನದು ಮೈ ತೊಳೆಯಲು. ಕೆಳಗಿನ ಉಗುರು ಬೆಚ್ಚಗಿನದು ಎಮ್ಮೆಗಳಿಗೆ. ನಮ್ಮ ಎಮ್ಮೆ ಅಲ್ಲಿ ಕೂತರೆ ಹಾಲು ಹಿಂಡುವ ಹೊತ್ತಾದರೂ ಏಳುತ್ತಿರಲಿಲ್ಲ.

ಇಂಜಿನ್ ಮನೆಯ ಸೀಟಿ ಊದಿತೆಂದರೆ ಕುದಿನೀರು ಭರ್ರನೆ ಬಿಡುತ್ತಿದ್ದರು. ತಲೆತುಂಬ ಶೀಗೆಕಾಯಿ ನೊರೆ ಹಚ್ಚಿಕೊಂಡವರು ಕಣ್ಣು ಮುಚ್ಚಿಕೊಂಡೇ ದಂಡೆ ಹತ್ತಬೇಕು. ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಅತ್ತೆಯೂ ಬರುತ್ತಿದ್ದಳು. ಮೊಳಕಾಲು ನೋವಿಗೆ ಆ ನೀರು ಹಿತ ಎನ್ನುತ್ತಿದ್ದಳು. ಸೀಟಿ ಊದಿದಾಗ ಎಲ್ಲರಿಗಿಂತ ಮುಂದೆ ದಂಡೆ ಹತ್ತುತ್ತಿದ್ದವಳೂ ಅವಳೇ. ನೋವು ಆಗ ಎಲ್ಲಿ ಹೋಗುತ್ತಿತ್ತೋ ನಾನು ಕೇಳಲಿಲ್ಲ. ನೀರಿನ ಮೇಲೆ ಎಣ್ಣೆಯ ಪೊರೆ ಇರುತ್ತಿತ್ತು. ಮೈಗೆ, ಸೀರೆಗೆ, ಕೂದಲಿಗೆ ಅದರ ವಾಸನೆ. ಓಣಿಯ ಹೆಂಗಸರೆಲ್ಲ ಒಂದೇ ವಾಸನೆ ಹೊಡೆಯುತ್ತಿದ್ದುದರಿಂದ ಯಾರಿಗೂ ಯಾರ ವಾಸನೆಯೂ ಬರುತ್ತಿರಲಿಲ್ಲ.

ಇನ್ನು ಬೂದಿ. ಬೂದಿಯನ್ನು ಜಿನ್ನಿನ ಹಿಂದಿನ ಬೀಳು ಭೂಮಿಯಲ್ಲಿ ಹಾಕಲು ಸಾಹುಕಾರರು ಹೇಳಿದ್ದರು. ಅದು ದೂರ. ನಮ್ಮ ಮನೆಯವರು ಬುಟ್ಟಿ ಹೊತ್ತು ಹೊತ್ತು ಬೇಸತ್ತಿದ್ದರು. ಅದು ಅತ್ತೆಗೆ ಗೊತ್ತಾಯಿತು.

ಅತ್ತೆ ದಿನಾ ಬೆಳಗ್ಗೆ ಲಿಂಗಪೂಜೆ ಮಾಡಿ ಹಣೆಗೆ ಮೂರು ಬೆರಳು ವಿಭೂತಿ ಎಳೆಯದೆ ನೀರು ಕೂಡ ಕುಡಿಯುತ್ತಿರಲಿಲ್ಲ. ಬೂದಿಯೆಂದರೆ ಅವಳಿಗೆ ಜಗತ್ತಿನಲ್ಲೇ ಸ್ವಚ್ಛವಾದ ಪದಾರ್ಥ. ಪಾತ್ರೆ ತಿಕ್ಕಲು ಬೂದಿ, ಹಲ್ಲಿಗೆ ಬೂದಿ, ಹೆಸರುಕಾಳಿಗೆ ಹುಳ ಬೀಳದಂತೆ ಬೂದಿ, ಬದನೆ ಗಿಡಕ್ಕೆ ಬೂದಿ. ಎಲ್ಲ ಮನೆಗಳಲ್ಲೂ ಹಾಗೇ. ಅಂಥ ಬೂದಿ ಬುಟ್ಟಿಗಟ್ಟಲೆ ಬೀಳು ಭೂಮಿಗೆ ಹೋಗಿ ಬೀಳುವುದು ಅವಳಿಗೆ ಅಪಚಾರ ಅನ್ನಿಸಿತು.

“ಅಷ್ಟ ದೂರ ಯಾಕ ಹೊರತಿ?” ಎಂದಳು ಮಗನಿಗೆ. “ಒರತಿ ಬಾಜೂ ಹಾಕು. ನೀರಿಗಿ ಹೋದಾಗ ಅಲ್ಲೇ ಕೊಡ ತಿಕ್ಕಾಕ ಬರತೈತಿ. ಬೂದಿಗಿ ಏನ ಮೈಲಿಗಿ?”

ತಾಯಿಯ ಮಾತು ಮೀರದ ಮಗ ಅವರು, ಅದೂ ದಾರಿ ಅರ್ಧ ಉಳಿಯುವಾಗ. ಹದಿನೈದು ದಿನದಲ್ಲಿ ಒರತೆಯ ಮಗ್ಗುಲಿಗೆ ಆಳೆತ್ತರದ ಬೂದಿ ಗುಡ್ಡ ಎದ್ದಿತು. ಓಣಿಯವರು ಬಂದು ಕೊಂಡಾಡಿ ಬುಟ್ಟಿ ತುಂಬಿಕೊಂಡು ಹೋದರು. ಅತ್ತೆ ದಾನ ಮಾಡುವವಳ ಹಾಗೆ ಬಂಡೆಯ ಮೇಲೆ ಕೂತು ಹೂಂ ಹೂಂ ಅನ್ನುತ್ತಿದ್ದಳು.

ಆ ಬೂದಿಯಿಂದ ತಿಕ್ಕಿದ ಕಂಚಿನ ತಾಟುಗಳ ಮೇಲೆ ಬೆಕ್ಕು ಪರಚಿದ ಗೀರು ಬಿದ್ದವು. ನಾನು ಸೋಸದೆ ತಿಕ್ಕಿದೆ ಎಂದು ಅತ್ತೆ ಬೈದಳು. ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟ ಹೆಸರುಕಾಳು ರೇಲ್ವೆ ಟೇಶನ್ನಿನ ವಾಸನೆ ಹೊಡೆಯಿತು. ನಾನು ಕೈ ತೊಳೆಯದೆ ಬೆರೆಸಿದೆ ಎಂದಳು. ಬದನೆ ಗಿಡದ ಎಲೆ ಮುದುಡಿದವು. ನನ್ನ ದೃಷ್ಟಿ ಎಂದಳು. ನನ್ನ ದೃಷ್ಟಿಗೆ ಅಷ್ಟು ಬಲ ಇದ್ದಿದ್ದರೆ ಬದನೆ ಗಿಡದಿಂದ ಶುರು ಮಾಡುತ್ತಿರಲಿಲ್ಲ.

ನೀರು ಕೆಟ್ಟದ್ದು ಮೊದಲು ಗೊತ್ತಾದದ್ದು ಇಂಜಿನ್ ಮಿಸ್ತ್ರಿಯ ಬಾಯಿಗೆ. ಇಂಜಿನ್ ನಡೆಸಲು ಕೊಂಕಣದ ಕಡೆಯಿಂದ ಬಂದ ಒಬ್ಬಂಟಿ ಮನುಷ್ಯ ಅವನು. ಎರಡು ಹೊತ್ತೂ ನಮ್ಮ ಪಡಸಾಲೆಯಲ್ಲಿ ಊಟ. ಊರಲ್ಲಿ ಬೇರೆ ಯಾರೂ ಅವನಿಗೆ ಹಾಕುತ್ತಿರಲಿಲ್ಲ, ಏಕೆಂದರೆ ಅವನು ತುತ್ತಿಗೊಂದು ತಕರಾರು ಹೇಳುವವನು. ರೊಟ್ಟಿ ದಪ್ಪ, ಸಾರು ತೆಳು, ಉಪ್ಪು ಜಾಸ್ತಿ, ಖಾರ ಕಡಿಮೆ. ಅತ್ತೆಗೆ ಮಾತ್ರ ಅವನನ್ನು ಕಂಡರೆ ಒಂದು ನಮೂನೆಯ ಪ್ರೀತಿ. ತಕರಾರು ಹೇಳುವುದರಲ್ಲಿ ತನ್ನ ಸರಿಸಮ ಯಾರೋ ಸಿಕ್ಕರೆಂದು ಇರಬೇಕು.

ಅವಳನ್ನು ಅವನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ. ಒಂದು ಮಧ್ಯಾಹ್ನ ಅವನು ಸಾರಿನ ಬಟ್ಟಲು ಮೂಗಿಗೆ ಹಿಡಿದು, ಮಾವಶಿ, ಇದಕ್ಕೆ ಚಿಮಣಿ ಎಣ್ಣೆ ವಾಸನೆ ಬರುತ್ತದಲ್ಲ ಎಂದ. ಅತ್ತೆ ನನ್ನನ್ನು ನೋಡಿದಳು. ದೀಪಕ್ಕೆ ಎಣ್ಣೆ ಹಾಕುವವಳು ನಾನು, ಹಿಟ್ಟು ನಾದುವವಳೂ ನಾನು. ಆವತ್ತಿನಿಂದ ದೀಪ ಅತ್ತೆಯೇ ಹಚ್ಚಿದಳು. ವಾಸನೆ ಹೋಗಲಿಲ್ಲ. ನನ್ನ ಕೈ ಮೂಸಿದಳು, ಸೆರಗು ಮೂಸಿದಳು, ಕೊನೆಗೆ ತಲೆ ಮೂಸಿದಳು. ತಲೆ ಸಿಕ್ಕಿಬಿದ್ದಿತು. ಗಟಾರದಲ್ಲಿ ದಿನಾ ತೊಳೆದ ತಲೆ, ವಾಸನೆ ಬರದೆ ಏನು ಮಾಡೀತು? ಅವಳ ತಲೆಯಿಂದಲೂ ಬರುತ್ತಿತ್ತು, ಆದರೆ ತನ್ನ ತಲೆ ತಾನೇ ಮೂಸಿಕೊಳ್ಳಲು ಬರುವುದಿಲ್ಲ.

ಅಷ್ಟರಲ್ಲಿ ಓಣಿಯ ಬೇರೆ ಮನೆಗಳಲ್ಲೂ ನೀರು ನಾರುತ್ತದೆ ಎಂಬ ಮಾತು ಎದ್ದಿತು. ಹುಕ್ಕೇರಿಯವಳು ಎಣ್ಣೆ ಹತ್ತಿದ ಕೂದಲು ಇಳಿಬಿಟ್ಟು ಒರತೆಗೆ ಬಗ್ಗುತ್ತಾಳೆ, ಅದಕ್ಕೇ ನೀರು ಕೆಟ್ಟಿತು ಎಂದು ಎಲ್ಲರೂ ಕೂಡಿ ತೀರ್ಮಾನ ಮಾಡಿದರು. ಪರ ಊರವಳು ನಾನೊಬ್ಬಳೇ ಅಲ್ಲ, ಆ ಓಣಿಯ ಎಲ್ಲ ಸೊಸೆಯರೂ ಪರ ಊರವರೇ. ಆದರೆ ನಾನು ಬಂದು ಎರಡೇ ವರ್ಷ ಆಗಿತ್ತು. ಇನ್ನು ಮುಂದೆ ನಾನು ಒರತೆ ಮುಟ್ಟುವ ಹಾಗಿಲ್ಲ, ಹೊಳೆಯಿಂದ ತರಬೇಕು ಎಂದರು. ಅತ್ತೆ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ತಲೆಯ ಮೇಲೆ ಇಡುವ ಸಿಂಬಿಯನ್ನು ದಪ್ಪಗೆ ಸುತ್ತಿ ಕೊಟ್ಟಳು. ಬೇಸಿಗೆ ಮುಗಿಯಲು ಇನ್ನೂ ಎರಡು ತಿಂಗಳು ಬಾಕಿ ಇತ್ತು.

ಮೂರು ದಿನ ಹೊಳೆಯ ದಾರಿ ತುಳಿದೆ. ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು. ಕುತ್ತಿಗೆ ಹೊಟ್ಟೆಯೊಳಗೆ ಇಳಿದ ಹಾಗೆ ಆಗುತ್ತಿತ್ತು. ನಾಲ್ಕನೆಯ ದಿನ ಯೋಚನೆ ಬಂತು. ನಾನು ಮುಟ್ಟದೆ ಮೂರು ದಿನ ಆಯಿತಲ್ಲ, ಒರತೆ ಈಗ ಹಾಲಿನ ಹಾಗೆ ಆಗಿರಬೇಕಲ್ಲವೇ? ಹೋಗಿ ನೋಡಿದೆ. ಇನ್ನಷ್ಟು ಕೆಟ್ಟಿತ್ತು. ಮೇಲೆ ನವಿಲುಗರಿಯ ಬಣ್ಣದ ಪೊರೆ ಹೊಳೆಯುತ್ತಿತ್ತು.

ಕೊಡ ಅಲ್ಲೇ ಇಳಿಸಿದೆ. ಗಟಾರ ಬಂದು ಹಳ್ಳಕ್ಕೆ ಬೀಳುವ ಜಾಗಕ್ಕಿಂತ ಮೇಲೆ ಹೋಗಿ ಕೈಯಿಂದಲೇ ಒಂದು ತಗ್ಗು ತೋಡಿದೆ. ನೀರು ಸಿಹಿ. ಗಟಾರದ ಕೆಳಗೆ ಒಂದು ತೋಡಿದೆ. ಎಣ್ಣೆ ವಾಸನೆ. ಬೂದಿ ಗುಡ್ಡದ ಬುಡದಲ್ಲಿ ಒಂದು ತೋಡಿದೆ. ಕರ್ರಗೆ, ಬಾಯಿಗೆ ಹಾಕಿದರೆ ಕರಕರ. ಮೂರು ಚರಿಗೆಯಲ್ಲಿ ಮೂರು ನೀರು ತಂದು ಅತ್ತೆಯ ಮುಂದೆ ಸಾಲಾಗಿ ಇಟ್ಟೆ. ಯಾವುದು ಎಲ್ಲಿಯದು ಎಂದಷ್ಟೇ ಹೇಳಿದೆ. ಮೇಲುಗಡೆಯೇ ಒರತೆ ಮಾಡಿಕೊಳ್ಳೋಣ ಎಂದರೆ ಅಲ್ಲಿ ಉಸುಕು ಗೇಣುದ್ದ, ಕೆಳಗೆ ಬಂಡೆ. ಒಂದು ಚರಿಗೆ ತುಂಬುವಷ್ಟರಲ್ಲಿ ಬತ್ತಿಹೋಗಿತ್ತು. ನಮಗೆ ಇದ್ದದ್ದು ಹಳೆಯ ಒರತೆಯೊಂದೇ.

ಅತ್ತೆ ಒಂದೊಂದನ್ನೂ ಮೂಸಿದಳು. ಕರಿ ನೀರಿನಲ್ಲಿ ಬೆರಳು ಅದ್ದಿ ಉಜ್ಜಿ ನೋಡಿದಳು. ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಇದು ಬೂದಿ ಅಲ್ಲ,” ಎಂದಳು ಕೊನೆಗೆ. “ಸೆಗಣಿ ಸುಟ್ರ ಬೂದಿ, ಕಟ್ಟಿಗಿ ಸುಟ್ರ ಬೂದಿ. ಇದು ಕಲ್ಲಿನ ಹೇಲು.”

ಅಲ್ಲಿಗೆ ಅವಳ ತಪ್ಪು ತೀರಿತು. ಅವಳು ಹಾಕಿಸಿದ್ದು ಬೂದಿ, ಅದು ಬೂದಿ ಆಗದೇ ಹೋದರೆ ಅವಳೇನು ಮಾಡಬೇಕು? ಮೋಸ ಮಾಡಿದ್ದು ಕಲ್ಲಿದ್ದಲು. ನನ್ನ ತಲೆಯ ಮೇಲಿನ ಆರೋಪ ಇಳಿಯಿತೋ ಇಲ್ಲವೋ ಅವಳು ಹೇಳಲಿಲ್ಲ. ಕೊಡ ಮಾತ್ರ ಇಳಿಯಲಿಲ್ಲ. ನೀರು ಸುಧಾರಿಸುವ ತನಕ ಹೊಳೆಗೆ ಹೋಗುವುದೇ ಅಂದಳು.

ಆವತ್ತು ಊಟಕ್ಕೆ ಬಂದ ಮಿಸ್ತ್ರಿಗೆ ಸಂಗತಿ ಹೇಳಿದರೆ ಅವನು ನಕ್ಕ. ಇಂಜಿನ್ನು ಕುಡಿದದ್ದನ್ನು ಎಲ್ಲಾದರೂ ಬಿಡಲೇಬೇಕಲ್ಲ ಮಾವಶಿ, ಅದೇನು ಬಾಯಿ ಕಟ್ಟಿಕೊಂಡು ಕೂರುತ್ತದೆಯೇ ಎಂದ. ಅತ್ತೆ ಖರೆ ಖರೆ ಎಂದು ಇನ್ನೊಂದು ರೊಟ್ಟಿ ಹಾಕಿದಳು. ನನಗೆ ಸಿಟ್ಟು ಬಂತು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಮರುದಿನ ಗೊತ್ತಾಯಿತು. ಎರಡು ಒಲೆಯ ಮೇಲೆ ಎರಡು ಗಡಿಗೆ ಇಟ್ಟಳು. ಹೊಳೆ ನೀರಿನ ಸಾರು ನಮಗೆ, ಒರತೆ ನೀರಿನ ಸಾರು ಮಿಸ್ತ್ರಿಗೆ. ಅವನ ರೊಟ್ಟಿಯ ಹಿಟ್ಟೂ ಅದೇ ನೀರಲ್ಲಿ. ಬಡಿಸುವಾಗ ಮುಖದ ಮೇಲೆ ಒಂದು ಗೆರೆ ಕದಲಲಿಲ್ಲ.

ನಾಲ್ಕು ದಿನ ಅವನು ತಿಂದ. ದಿನಕ್ಕೊಂದು ಕಾರಣ ಹುಡುಕಿದ. ಬೇಳೆ ಹಳೆಯದು, ಜೋಳ ಮುಗ್ಗಲು, ಗಡಿಗೆ ಸರಿಯಿಲ್ಲ. ಉಪ್ಪಿನ ಬಗ್ಗೆ, ಖಾರದ ಬಗ್ಗೆ ಮಾತೇ ಇಲ್ಲ. ನಾಲಿಗೆಗೆ ಎಣ್ಣೆ ಒಂದೇ ಗೊತ್ತಾಗುತ್ತಿತ್ತು, ಪಾಪ. ಐದನೆಯ ದಿನ ನಮ್ಮ ಮನೆಯವರೂ ಪಕ್ಕದಲ್ಲೇ ಉಣ್ಣಲು ಕೂತಿದ್ದರು. ಮಿಸ್ತ್ರಿ ಇವರ ಬಟ್ಟಲು ಎಳೆದುಕೊಂಡು ಒಂದು ಗುಟುಕು ಕುಡಿದು ನೋಡಿದ. ಆಮೇಲೆ ತನ್ನದನ್ನು ಕುಡಿದ. ಆಮೇಲೆ ಅತ್ತೆಯನ್ನು ನೋಡಿದ.

“ಹೂಂ,” ಎಂದಳು ಅತ್ತೆ. “ನಿನ್ನ ಇಂಜಿನ್ನ ಬಿಟ್ಟದ್ದ ನೀನ ಕುಡ್ಯಾಕತ್ತೀಯಪಾ, ನಾಕ ದಿನ ಆತು. ಎಲ್ಲ್ಯಾರ ಬಿಡಬೇಕ ಅಂದಿದ್ದಿಯಲ್ಲಾ.”

ಅವನು ರೊಟ್ಟಿ ಕೆಳಗಿಟ್ಟ. ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋದರೆ ಎಲ್ಲಿ ಹೋಗುತ್ತಾನೆ, ಊರಲ್ಲಿ ಇನ್ನೊಂದು ತಾಟು ಇಲ್ಲ. ಕೂತೇ ಇದ್ದ. ನೀರು ನಿಲ್ಲಿಸಿದರೆ ಇಂಜಿನ್ನು ನಿಲ್ಲುತ್ತದೆ, ನಾನೇನು ಮಾಡಲಿ ಎಂದು ಸಣ್ಣ ದನಿಯಲ್ಲಿ ಕೇಳಿದ. ಆಗ ನಾನು ಬಾಗಿಲ ಹಿಂದಿನಿಂದ ಮಾತಾಡಿದೆ. ಪರ ಗಂಡಸಿನ ಜೊತೆ ಹಾಗೆ ಮಾತಾಡುವ ರೂಢಿ ಇರಲಿಲ್ಲ. ಆದರೆ ಕೊಡ ಹೊರುವವರಿಗೆ ರೂಢಿ ಬೇರೆ.

“ನಿಂದ್ರಸಬ್ಯಾಡ್ರಿ, ಸೋಸಿ ಬಿಡ್ರಿ,” ಎಂದೆ. “ನಾವು ಅರಿವಿ ಒಗ್ಯಾಕ ಬೂದಿನೀರ ಇಳಸೂದಿಲ್ಲೇನ್ರಿ? ತೂತಿನ ಗಡಿಗ್ಯಾಗ ಕೆಳಗ ಹುಲ್ಲ, ಮ್ಯಾಲ ಉಸುಕು. ಹಂಗ ದೊಡ್ಡ ತಗ್ಗ ತೋಡ್ರಿ, ಒಂದಲ್ಲ ಮೂರು.”

ಅತ್ತೆ ಬೈಯುತ್ತಾಳೆ ಎಂದು ಕಾದೆ. ಅವಳು ತನ್ನ ಸೆರಗಿನಿಂದ ನೊಣ ಓಡಿಸುತ್ತ ಕೂತಿದ್ದಳು. ನಮ್ಮ ಮನೆಯವರೂ ಈಗ ಒಂದು ಮಾತು ಸೇರಿಸಿದರು. ಮದುವೆಗೆ ಮುಂಚೆ ಅವರು ಧುಪದಾಳದ ಕಟ್ಟೆಯ ಹತ್ತಿರ ಕಾಲುವೆಯ ಹೂಳು ತೆಗೆಯುವ ಕೂಲಿಗೆ ಹೋಗಿದ್ದರು. ನೀರು ಓಡುವಾಗ ಹೂಳು ಹೊತ್ತುಕೊಂಡು ಓಡುತ್ತದೆ, ನಿಂತಲ್ಲಿ ಇಳಿಸುತ್ತದೆ, ಆದ್ದರಿಂದ ತಗ್ಗು ಅಗಲ ಇರಬೇಕು ಎಂದರು. ಮಿಸ್ತ್ರಿ ತಲೆ ಕೆರೆದುಕೊಂಡು, ಮೂರನೆಯ ತಗ್ಗಿನ ನೀರು ಆರಿದ ಮೇಲೆ ಅದನ್ನೇ ಮತ್ತೆ ಇಂಜಿನ್ನಿಗೆ ಕುಡಿಸಬಹುದಲ್ಲ ಎಂದ. ಬೇಸಿಗೆಯಲ್ಲಿ ಜಿನ್ನಿಗೂ ನೀರಿನ ತ್ರಾಸ ಇತ್ತು. ಆ ಮಾತು ಹೇಳಿದ್ದಕ್ಕೇ ಸಾಹುಕಾರರು ಒಪ್ಪಿದ್ದು. ನಮ್ಮ ಒರತೆಯ ಮಾತು ಹೇಳಿದ್ದರೆ ನಾಳೆ ನೋಡೋಣ ಎನ್ನುತ್ತಿದ್ದರೇನೋ.

ತಗ್ಗು ತೋಡಿದರು. ನೀರಿಗೆ ಅಡ್ಡ ಜೋಳದ ಕಣಿಕೆಯ ಹೊರೆ ಕಟ್ಟಿದರು. ಮರುದಿನ ಬೆಳಗ್ಗೆ ನೋಡಿದರೆ ಹೊರೆಗಳೇ ಇಲ್ಲ. ಬೆಚ್ಚಗಿನ ನೀರು ಹುಡುಕಿಕೊಂಡು ಬಂದ ಎಮ್ಮೆಗಳು ಸೋಸುವ ಸಾಮಾನನ್ನೇ ತಿಂದು ಹೋಗಿದ್ದವು. ಎಲ್ಲಕ್ಕೂ ಮುಂದೆ ನಮ್ಮ ಎಮ್ಮೆ. ಎರಡು ದಿನ ಅದರ ಹಾಲಿಗೆ ಇಂಜಿನ್ ವಾಸನೆ ಬಂತು. ಆಮೇಲೆ ಮಿಸ್ತ್ರಿ ಜಿನ್ನಿನ ಕಸದ ಅರಳೆಯನ್ನು ಗೋಣಿಚೀಲದಲ್ಲಿ ತುಂಬಿಸಿ ಅಡ್ಡ ಇಡಿಸಿದ. ಅರಳೆ ಎಣ್ಣೆ ಹೀರುವಷ್ಟು ಚೆನ್ನಾಗಿ ಬೇರೆ ಯಾವುದೂ ಹೀರುವುದಿಲ್ಲ. ಎಣ್ಣೆ ಕುಡಿದು ಕರ್ರಗಾದ ಅರಳೆಯನ್ನು ತೆಗೆದು ಒಣಗಿಸಿ ಇಂಜಿನ್ನಿನ ಒಲೆಗೇ ಹಾಕುತ್ತಿದ್ದರು.

ಬೂದಿ ಗುಡ್ಡವನ್ನು ಎತ್ತಿದವರು ಅದನ್ನು ಹಾಕಿದವರೇ. ಕೆಲಸ ಮುಗಿಸಿ ಬಂದು ದಿನಾ ಸಂಜೆ ಬುಟ್ಟಿ ಹೊತ್ತರು. ಟೇಶನ್ನಿನಿಂದ ಬರುವ ಚಕ್ಕಡಿಗಳು ಹೂತುಕೊಳ್ಳುವ ಕೊರಕಲಿಗೆ ತುಂಬಿ ದಾರಿ ಗಟ್ಟಿ ಮಾಡಿದರು. ಅತ್ತೆ ಅದೇ ಬಂಡೆಯ ಮೇಲೆ ಕೂತು, ಅಲ್ಲಿ ಇನ್ನೊಂದು ಹಿಡಿ ಉಳಿದಿದೆ, ಇಲ್ಲಿ ಬಳಿ ಎಂದು ಹೇಳುತ್ತಿದ್ದಳು. ಒಂದು ಸಲ ಅವರು ಬುಟ್ಟಿ ಇಳಿಸಿ, “ಯವ್ವಾ, ಇಲ್ಲಿ ಹಾಕು ಅಂದಾಕಿ ಯಾರು?” ಎಂದರು. ಬೂದಿ ಹಾಕು ಅಂದಿದ್ದೆ, ಇದನ್ನಲ್ಲ ಎಂದು ಅವಳು ಉತ್ತರ ಕೊಟ್ಟಳು.

ಒಂದು ಮಾತು ನಾನು ಮೊದಲೇ ಯೋಚಿಸಿರಲಿಲ್ಲ. ನೀರೆಲ್ಲ ತಗ್ಗಿಗೆ ಹೋಗಿ, ಆರಿ, ಮತ್ತೆ ಇಂಜಿನ್ನಿಗೆ ಹೋದರೆ ಗಟಾರದಲ್ಲಿ ಉಳಿಯುವುದೇನು? ಏನೂ ಇಲ್ಲ. ಓಣಿಯ ಬಿಸಿನೀರು ನಿಂತಿತು. ಕೌದಿಗಳಿಗೆ ತಿಗಣೆ ತಿರುಗಿ ಬಂದವು. ಎಮ್ಮೆ ಒಣ ಗಟಾರದ ಮುಂದೆ ಎರಡು ದಿನ ನಿಂತು ನೋಡಿ ಮನೆಗೆ ಬಂತು. ನೀರು ಕೆಡಿಸಿದವಳೆಂದು ಬೈದ ಹೆಂಗಸರೇ ಈಗ ಸ್ನಾನ ಕೆಡಿಸಿದವಳೆಂದು ಬೈದರು. ಒಂದು ತಿಂಗಳು ಯಾರೂ ನನ್ನನ್ನು ಮಾತಾಡಿಸಲಿಲ್ಲ. ಖರೆ ಹೇಳಬೇಕೆಂದರೆ ಹೊಟ್ಟೆ ಉರಿದದ್ದು ನನಗೂ ಅಷ್ಟೇ. ಅಂಥ ಸ್ನಾನ ಆಮೇಲೆ ನನ್ನ ಜನ್ಮದಲ್ಲಿ ಆಗಿಲ್ಲ.

ಒರತೆ ಒಂದೇ ದಿನಕ್ಕೆ ಸುಧಾರಿಸಲಿಲ್ಲ. ಕರಿ ಉಸುಕನ್ನು ಮೊಳದಾಳ ತೆಗೆದು ಚೆಲ್ಲಿ, ಹಳ್ಳದ ಮೇಲುಗಡೆಯಿಂದ ಬಿಳಿ ಉಸುಕು ತಂದು ತುಂಬಿದೆ. ದಿನಾ ಬೆಳಗ್ಗೆ ನೀರೆಲ್ಲ ಮೊಗೆದು ಹೊರಗೆ ಚೆಲ್ಲುವುದು, ಮತ್ತೆ ಜಿನುಗಲು ಬಿಡುವುದು, ಆಮೇಲೆ ಹೊಳೆಗೆ ಹೋಗುವುದು. ನವಿಲುಗರಿಯ ಬಣ್ಣ ದಿನಕ್ಕಿಷ್ಟು ಕಡಿಮೆಯಾಯಿತು. ಅತ್ತೆ ದಿನಾ ಬಂದು ಗರಟೆಯಲ್ಲಿ ಒಂದು ಗುಟುಕು ಬಾಯಿಗೆ ಹಾಕಿ ಉಗುಳುತ್ತಿದ್ದಳು. ಉಗುಳಿ, ಹೊಳೆಯ ದಿಕ್ಕಿಗೆ ಕೈ ತೋರಿಸುತ್ತಿದ್ದಳು. ಒಂದು ದಿನ ಬಾಯಿಗೆ ಹಾಕಿದಳು, ಉಗುಳಲಿಲ್ಲ. ನುಂಗಿದಳು. ಇನ್ನೊಂದು ಗುಟುಕು ಕುಡಿದಳು. ಗರಟೆಯನ್ನು ನನ್ನ ಕೈಗೆ ಕೊಟ್ಟು ಮನೆಯ ದಾರಿ ಹಿಡಿದಳು. ಇದು ಮೆಚ್ಚುಗೆ ಎಂದು ತಿಳಿದು ನಾನು ಉಬ್ಬಿದೆ. ಆಮೇಲೆ ತಿಳಿಯಿತು, ಪ್ರತಿ ಬೇಸಿಗೆ ಒರತೆ ತೋಡುವ ಕೆಲಸ ಆವತ್ತಿನಿಂದ ನನ್ನದು ಎಂದು.

ಆವತ್ತು ಒಂದೇ ಒಲೆ ಹೊತ್ತಿಸಿದಳು, ಒಂದೇ ಗಡಿಗೆ ಇಟ್ಟಳು. ಹೊಳೆಯ ಕೊಡ ಮೂಲೆಯಲ್ಲಿ ಬೋರಲು ಮಲಗಿತ್ತು. ಮಿಸ್ತ್ರಿ ಬಂದು ಕೂತ. ಸಾರು ಬಡಿಸಿದ್ದನ್ನು ಮೊದಲು ಮೂಸಿ ನೋಡಿದ, ಅದು ಅವನಿಗೆ ಚಟವಾಗಿ ಹೋಗಿತ್ತು. ಬಾಯಿಗೆ ಹಾಕಿದ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವನು ಮುಖ ಕಿವುಚಿದರೆ ನಾಳೆ ಮತ್ತೆ ನನ್ನ ತಲೆಯ ಮೇಲೆ ಕೊಡ.

ಮುಖ ಕಿವುಚಿದ.

“ಮಾವಶಿ,” ಎಂದ, “ಉಪ್ಪ ಭಾಳ ಆಗೇತ್ರಿ.”

ಅತ್ತೆ ನನ್ನ ಕಡೆ ತಿರುಗಿ, “ಆ ಹೊಳಿ ಕೊಡ ಅಟ್ಟದ ಮ್ಯಾಲ ಇಡು,” ಎಂದಳು.